ಹಾಸನ: ಮಗಳಿಗೆ ಶ್ರುತಿಗೆ ಸೇರುವ ಮೊದಲ ಕೊಳಲು, ಯಾವ ಕಂಪನಿಯದು ಕೊಳ್ಳಲಿ?

ಸಾಲಗಾಮೆ ರಸ್ತೆ (ಹಾಸನ)

ಎಲ್ಲರಿಗೂ ನಮಸ್ಕಾರ. ಮಗಳು ಆರನೆಯ ತರಗತಿ. ಬೇಸಿಗೆ ರಜೆಯಿಂದ ಕರ್ನಾಟಕ ಸಂಗೀತದ ಕೊಳಲು ಪಾಠಕ್ಕೆ ಹೋಗುತ್ತಿದ್ದಾಳೆ. ನಾದ ಬರಿಸುವುದನ್ನು ಜಾತ್ರೆಯಲ್ಲಿ ಕೊಂಡ ಕೊಳಲಿನಲ್ಲಿಯೇ ಕಲಿತಳು. ಈಗ ಸರಳೆ ವರಸೆ ಶುರುವಾಗಿದೆ, ತಂಬೂರಿ ಹಾಕಿಕೊಂಡು ಊದಿದರೆ ಸ್ವರ ಸೇರುವುದೇ ಇಲ್ಲ. ಅದು ಅವಳಿಗೂ ಗೊತ್ತಾಗುತ್ತದೆ, ಮುಖ ಸಪ್ಪೆ ಮಾಡಿಕೊಂಡು ಕೊಳಲು ಕೆಳಗಿಡುತ್ತಾಳೆ. ಗುರುಗಳು "5 ಶ್ರುತಿಯ ಒಳ್ಳೆಯ ಕೊಳಲು ಕೊಡಿಸಿ" ಎಂದಿದ್ದಾರೆ. ಅವರು ಬೇರೆ ಊರಿನಿಂದ ವಾರಕ್ಕೊಮ್ಮೆ ಬಂದು ಪಾಠ ಮಾಡಿ ಹೋಗುವವರು. ಅಂಗಡಿಗೂ ಬನ್ನಿ ಎಂದು ಕೇಳಲು ನನಗೆ ಸಂಕೋಚ.

ಆನ್‌ಲೈನ್‌ನಲ್ಲಿ ನೋಡಿದರೆ ತಲೆ ತಿರುಗುತ್ತದೆ. ರಾಧೆ, ಪೂನಂ ಎಂಬ ಹೆಸರುಗಳು ಮತ್ತೆ ಮತ್ತೆ ಕಾಣುತ್ತವೆ, ಅವುಗಳ ನಡುವೆ ಹೆಸರೇ ಇಲ್ಲದ ಹತ್ತಾರು ಕೊಳಲುಗಳು. ಒಂದರ ಮೇಲೆ ಸಿ ನ್ಯಾಚುರಲ್, ಇನ್ನೊಂದರ ಮೇಲೆ ಜಿ ಮೀಡಿಯಂ, ಎಲ್ಲದರ ಮೇಲೂ ಪ್ರೊಫೆಷನಲ್ ಎಂಬ ಪದ. ಬಿದಿರು, ಪಿವಿಸಿ, ಅಕ್ರಿಲಿಕ್ ಎಂದು ಬೇರೆ ಆಯ್ಕೆಗಳು. ಎರಡು ಸಾವಿರ ರೂಪಾಯಿಯವರೆಗೆ ಕೊಡಲು ಸಿದ್ಧ. ಮಗಳು ಎಡಗೈಯಲ್ಲಿ ಬರೆಯುವವಳು, ಅದಕ್ಕೂ ಕೊಳಲಿಗೂ ಏನಾದರೂ ಸಂಬಂಧವಿದೆಯೇ? ಯಾವ ಬ್ರ್ಯಾಂಡ್ ನಂಬಬಹುದು, ತಿಳಿದವರು ದಯವಿಟ್ಟು ಹೇಳಿ.

ಶ್ರುತಿಪೆಟ್ಟಿಗೆ (ಅರಕಲಗೂಡು)

ಬ್ರ್ಯಾಂಡಿನ ಮಾತು ಆಮೇಲೆ. ಮೊದಲು ಒಂದು ಅಪಾಯ ತಪ್ಪಿಸಿಕೊಳ್ಳಿ. ನೀವು ಆನ್‌ಲೈನ್‌ನಲ್ಲಿ ನೋಡುತ್ತಿರುವುದರಲ್ಲಿ ಬಹುಪಾಲು ಹಿಂದೂಸ್ತಾನಿ ಬಾನ್ಸುರಿಗಳು. ಬೆರಳಿಗೆ ಆರು ರಂಧ್ರ. ನಮ್ಮ ಪದ್ಧತಿಯ ಕೊಳಲಿಗೆ ಎಂಟು. ಎಂಟರಲ್ಲಿ ಏಳಕ್ಕೆ ಬೆರಳು ಹೋಗುತ್ತದೆ, ಕೊನೆಯದು ತೆರೆದೇ ಇರುತ್ತದೆ. ಆದರೆ ರಂಧ್ರದ ಲೆಕ್ಕಕ್ಕಿಂತ ದೊಡ್ಡ ತೊಡಕು ಷಡ್ಜ, ಅಂದರೆ ಸ, ಎಲ್ಲಿದೆ ಎಂಬುದರಲ್ಲಿದೆ. ಬಾನ್ಸುರಿಯಲ್ಲಿ ಮೇಲಿನ ಮೂರು ರಂಧ್ರ ಮುಚ್ಚಿದರೆ ಸ. ನಮ್ಮಲ್ಲಿ ಮೇಲಿನ ಎರಡು ಮುಚ್ಚಿದರೆ ಸ. ಅಲ್ಲಿಂದ ಬೆರಳುಗಳನ್ನು ಪೂರ್ತಿ ಮುಚ್ಚುತ್ತ, ಪೂರ್ತಿ ತೆರೆಯುತ್ತ ಹೋದರೆ ನಮಗೆ ಹರಿಕಾಂಭೋಜಿ ರಾಗದ ಸ್ವರಗಳು ಸಿಗುತ್ತವೆ.

ಇದರ ಪರಿಣಾಮ ನೋಡಿ. ಒಂದೇ ಬಿದಿರಿನ ಕೊಳವೆಯನ್ನು ಬಾನ್ಸುರಿಯವರು 'ಸಿ' ಎಂದು ಗುರುತು ಹಾಕಿ ಮಾರಿದರೆ, ಅದನ್ನು ನಮ್ಮ ಬೆರಳುಗಾರಿಕೆಯಲ್ಲಿ ನುಡಿಸುವವರಿಗೆ ಷಡ್ಜ 'ಡಿ'ಯಲ್ಲಿ ಬರುತ್ತದೆ. ನಮ್ಮ ಎಣಿಕೆಯಲ್ಲಿ 1 ಎಂದರೆ ಸಿ, 2 ಎಂದರೆ ಡಿ, 3 ಎಂದರೆ ಇ, 4 ಎಂದರೆ ಎಫ್, 5 ಎಂದರೆ ಜಿ. ನಿಮ್ಮ ಗುರುಗಳು 5 ಎಂದಿದ್ದಾರೆ, ಅಂದರೆ ಜಿ. ಆ ಧೈರ್ಯದ ಮೇಲೆ ನೀವು 'ಜಿ' ಎಂದು ಬರೆದ ಬಾನ್ಸುರಿ ತರಿಸಿದರೆ ಮಗುವಿಗೆ ಸ ಸಿಗುವುದು 'ಎ'ಯಲ್ಲಿ, ಅಂದರೆ 6 ಶ್ರುತಿಯಲ್ಲಿ. ಪಾಠದಲ್ಲಿ ಎಲ್ಲರೂ 5ರಲ್ಲಿ ಇರುವಾಗ ಇವಳೊಬ್ಬಳು ಒಂದು ಸ್ವರ ಮೇಲೆ ಇರುತ್ತಾಳೆ, ತಪ್ಪು ತನ್ನದೇ ಎಂದುಕೊಳ್ಳುತ್ತಾಳೆ. ಮಕ್ಕಳು ಕೊಳಲು ಬಿಡುವುದು ಹೆಚ್ಚಾಗಿ ಇಂಥ ಕಾರಣಕ್ಕೆ, ಪ್ರತಿಭೆ ಇಲ್ಲದೆ ಅಲ್ಲ.

ಆದ್ದರಿಂದ ಮಾರುವವರಿಗೆ ಕೇಳಬೇಕಾದ ವಾಕ್ಯ ಇದು: "ಕರ್ನಾಟಕ ಪದ್ಧತಿಯ ಎಂಟು ರಂಧ್ರದ ಕೊಳಲು, ಎರಡು ರಂಧ್ರ ಮುಚ್ಚಿದಾಗ ಷಡ್ಜ ಜಿ." ಅವರು ತಡವರಿಸಿದರೆ ಬೇರೆ ಕಡೆ ನೋಡಿ.

ಎಡಗೈ ವಿಚಾರ: ಬಿದಿರಿನ ಕೊಳಲಿಗೆ ಕೀಲಿಗಳಿಲ್ಲ, ರಂಧ್ರಗಳು ಒಂದೇ ಸಾಲಿನಲ್ಲಿರುವುದರಿಂದ ಯಾವ ಕಡೆಗೆ ಬೇಕಾದರೂ ಹಿಡಿಯಬಹುದು. ಒಂದೇ ಎಚ್ಚರಿಕೆ. ಕೆಲವರು ಕಿರುಬೆರಳಿಗೆ ಅನುಕೂಲವಾಗಲಿ ಎಂದು ಏಳನೆಯ ರಂಧ್ರವನ್ನು ಸಾಲಿನಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ ಕೊರೆಯುತ್ತಾರೆ. ಅಂಥದ್ದು ಬಲಗಡೆ ಹಿಡಿಯುವವರಿಗೆ ಮಾತ್ರ ಒದಗುತ್ತದೆ. ಮಗು ಈಗ ಯಾವ ಕಡೆ ಹಿಡಿದು ಅಭ್ಯಾಸ ಮಾಡುತ್ತಿದ್ದಾಳೋ ಅದನ್ನೇ ಮುಂದುವರಿಸಿ. ಬರೆಯುವ ಕೈಗೂ ಇದಕ್ಕೂ ಸಂಬಂಧ ಹುಡುಕಬೇಡಿ, ಕೊಳಲಿನಲ್ಲಿ ಎರಡೂ ಕೈಗಳಿಗೆ ಸಮ ದುಡಿಮೆ.

ಕಾಫಿತೋಟ (ಮೂಡಿಗೆರೆ)

ನಮ್ಮ ಹುಡುಗನೂ ಕರ್ನಾಟಕ ಕೊಳಲೇ ಕಲಿಯುತ್ತಿದ್ದಾನೆ. ನನ್ನ ಸಲಹೆ ಸರಳ: ಮೊದಲ ಎರಡು ವರ್ಷ ಪಿವಿಸಿ ಕೊಳಲು ಕೊಡಿಸಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವುದಿಲ್ಲ, ಬೀರುವಿನಲ್ಲಿ ಇಟ್ಟ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಬಿದಿರಿನ ಕೊಳಲಿನ ಒಳಗೂ ಬೂಷ್ಟು ಬರುತ್ತದೆ. ಮತ್ತೆ ಫೆಬ್ರವರಿ, ಮಾರ್ಚ್ ಬಿಸಿಲಿಗೆ ಅದೇ ಕೊಳಲು ಸೀಳುತ್ತದೆ. ಪಿವಿಸಿಗೆ ಈ ಯಾವ ಕಾಟವೂ ಇಲ್ಲ. ಶಾಲೆಯ ಚೀಲದಲ್ಲಿ ತುರುಕಿಕೊಂಡು ಹೋಗುತ್ತಾನೆ, ಬಸ್ಸಿನಲ್ಲಿ ಕೈಜಾರಿ ಬಿದ್ದರೂ ಚಿಂತೆಯಿಲ್ಲ. ಬೆಲೆಯೂ ಕೆಲವು ನೂರು ರೂಪಾಯಿಗಳಷ್ಟೇ.

ಬ್ರ್ಯಾಂಡ್ ವಿಷಯದಲ್ಲಿ ಪಿವಿಸಿಗೆ ಇನ್ನೊಂದು ಲಾಭವಿದೆ. ಕೊಳವೆ ಕಾರ್ಖಾನೆಯದು, ಒಳಗಿನ ಅಗಲ ಎಲ್ಲೆಡೆ ಒಂದೇ. ಹಾಗಾಗಿ ಒಬ್ಬ ತಯಾರಕರ ಒಂದು ಪಿವಿಸಿ ಕೊಳಲು ಶ್ರುತಿಯಲ್ಲಿದ್ದರೆ ಅದೇ ಮಾದರಿಯ ಇನ್ನೊಂದೂ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಮುಟ್ಟಿ ನೋಡದೆ ಅಂಚೆಯಲ್ಲಿ ತರಿಸಿಕೊಳ್ಳುವ ನಮ್ಮಂಥ ದೂರದ ಊರಿನವರಿಗೆ ಇದು ಸಣ್ಣ ವಿಷಯವಲ್ಲ.

ವಾಟೆಬಿದಿರು (ಕೊಪ್ಪ)

ಕಾಫಿತೋಟದವರ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಪ್ರಯಾಣಕ್ಕೆ, ಶಾಲೆಗೆ, ಮಳೆಗಾಲಕ್ಕೆ ಪಿವಿಸಿ ಇರಲಿ. ಮನೆಯಲ್ಲಿ ಕುಳಿತು ಸಾಧನೆ ಮಾಡಲು ಬಿದಿರೇ ಇರಲಿ. ನಾನು ಹವ್ಯಾಸಕ್ಕೆ ಕೊಳಲು ಮಾಡುವವನು, ಮಾರಾಟಕ್ಕಲ್ಲ. ಕಾರಣ ಹೇಳುತ್ತೇನೆ.

ಪಿವಿಸಿ ಕೊಳವೆ ಸಿಗುವುದು ನಿಗದಿತ ಅಳತೆಗಳಲ್ಲಿ. ಪ್ರತಿ ಶ್ರುತಿಗೂ ಉದ್ದಕ್ಕೆ ತಕ್ಕ ಒಳ ಅಗಲ ಬೇಕು. ಅಗಲ ಹೆಚ್ಚಾದರೆ ತಾರಸ್ಥಾಯಿಯ ಮೇಲಿನ ಸ್ವರಗಳು ಏಳುವುದಿಲ್ಲ, ಕಡಿಮೆಯಾದರೆ ಮಂದ್ರದ ಕೆಳಗಿನ ಸ್ವರಗಳು ಸೊರಗುತ್ತವೆ. ಬಿದಿರಿನಲ್ಲಿ ಬೇಕಾದ ಅಗಲದ ತುಂಡನ್ನು ಆರಿಸಿಕೊಳ್ಳಬಹುದು, ಪಿವಿಸಿಯಲ್ಲಿ ಇರುವುದಕ್ಕೆ ಹೊಂದಿಕೊಳ್ಳಬೇಕು. ಎರಡನೆಯದು, ಪಿವಿಸಿ ತೇವ ಹೀರುವುದಿಲ್ಲ. ಕಾಲುಗಂಟೆ ಊದಿದರೆ ಉಸಿರಿನ ಹನಿಗಳು ಒಳಗೆ ಕಟ್ಟಿ ಬೆರಳಿನ ರಂಧ್ರದ ಕಡೆಗೆ ಹರಿಯುತ್ತವೆ. ಮೂರನೆಯದು ಅಂಚು. ಊದುವ ರಂಧ್ರದ ಎದುರಿನ ಅಂಚಿಗೆ ಗಾಳಿ ಬಡಿದು ಸೀಳುವುದರಿಂದಲೇ ನಾದ ಹುಟ್ಟುವುದು. ಆ ಅಂಚನ್ನು ಒಳಗಿನಿಂದ ಸ್ವಲ್ಪ ಓರೆಯಾಗಿ ಕೆತ್ತಿ ನಯ ಮಾಡುವುದರಲ್ಲೇ ತಯಾರಕರ ಕೈಚಳಕ ಇರುವುದು. ಅಗ್ಗದ ಪಿವಿಸಿಯಲ್ಲಿ ಯಂತ್ರದಿಂದ ನೇರ ತೂತು ಹೊಡೆದು ಬಿಟ್ಟಿರುತ್ತಾರೆ, ಅಂಚಿನಲ್ಲಿ ಪ್ಲಾಸ್ಟಿಕ್ಕಿನ ಎಳೆಗಳು ಹಾಗೇ ಇರುತ್ತವೆ.

ಬಿದಿರಿನ ಬಗ್ಗೆಯೂ ಎರಡು ಮಾತು. ಕೊಳಲಿಗೆ ಬೇಕಾದುದು ಗೆಣ್ಣು ದೂರ ದೂರ ಇರುವ, ಗೋಡೆ ತೆಳುವಾದ, ನೇರ ಬಿದಿರು. ಅಸ್ಸಾಮಿನ ಕಡೆಯದು ಇದಕ್ಕೆ ಹೆಸರುವಾಸಿ. ಉತ್ತರ ಪ್ರದೇಶದ ಪೀಲಿಭೀತ್ ಎಂಬ ಊರಿನಲ್ಲಿ ಕೊಳಲು ಮಾಡುವುದೇ ಕುಲಕಸುಬು, ಅಲ್ಲಿಗೂ ಬಿದಿರು ಹೋಗುವುದು ಅಸ್ಸಾಮಿನಿಂದ. ನೀವು ಜಾತ್ರೆಯಲ್ಲಿ ಕೊಂಡದ್ದೂ ಅಲ್ಲಿಂದಲೇ ಬಂದಿರಬಹುದು. ನಮ್ಮ ಘಟ್ಟದ ವಾಟೆ ಎಂಬ ಬಿದಿರೂ ತೆಳು ಗೋಡೆಯದೇ. ಚೆನ್ನಾಗಿ ಬಲಿತದ್ದನ್ನು ಕಡಿದು, ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು. ನಮ್ಮ ಹಿರಿಯರು ಕತ್ತಲೆ ಪಕ್ಷದಲ್ಲಿ ಬಿದಿರು ಕಡಿಯಬೇಕು ಎನ್ನುತ್ತಿದ್ದರು. ಹಸಿ ಬಿದಿರಿನಲ್ಲಿ ಅವಸರಕ್ಕೆ ಮಾಡಿದ ಕೊಳಲು ಒಣಗುತ್ತ ಹೋದಂತೆ ಶ್ರುತಿಯೂ ಜಾರುತ್ತದೆ, ಮೈಯೂ ಬಿರಿಯುತ್ತದೆ. ಕಾಫಿತೋಟದವರು ಹೇಳಿದ ಸೀಳು ಬಹಳ ಸಲ ಬಿಸಿಲಿನದಲ್ಲ, ಒಣಗಿಸದ ಬಿದಿರಿನದು.

ಈ ಕಾರಣಕ್ಕೇ ಬಿದಿರಿನ ಕೊಳಲಿಗೆ ಬ್ರ್ಯಾಂಡ್ ಎಂಬುದು ಪೂರ್ತಿ ಭರವಸೆ ಕೊಡಲಾರದು. ಎರಡು ಬಿದಿರು ಒಂದೇ ಥರ ಇರುವುದಿಲ್ಲ. ತಯಾರಕರು ಊದುವ ರಂಧ್ರ ಕೊರೆದು, ಕಾದ ಕಬ್ಬಿಣದ ಸರಳಿನಿಂದ ಬೆರಳಿನ ರಂಧ್ರಗಳನ್ನು ಸುಟ್ಟು, ಒಂದೊಂದನ್ನೂ ಊದಿ ಕೇಳುತ್ತ ಎಳ್ಳಷ್ಟೆಳ್ಳಷ್ಟೇ ಹಿಗ್ಗಿಸುತ್ತಾರೆ. ರಂಧ್ರ ದೊಡ್ಡದಾದಷ್ಟೂ ಸ್ವರ ಮೇಲೇರುತ್ತದೆ. ಕೂದಲೆಳೆಯಷ್ಟು ಹೆಚ್ಚು ಹೋದರೆ ಹಿಂದಕ್ಕೆ ತರಲಾಗುವುದಿಲ್ಲ. ಆಗ ಕೆಲವರು ರಂಧ್ರದ ಒಳಬದಿಗೆ ಮೇಣವನ್ನೋ ಅಂಟನ್ನೋ ಹಚ್ಚಿ ಕಿರಿದು ಮಾಡುತ್ತಾರೆ. ಕೊಳ್ಳುವಾಗ ಬೆಳಕಿಗೆ ಹಿಡಿದು ಪ್ರತಿ ರಂಧ್ರದ ಒಳಗೋಡೆ ನೋಡಿ. ಸುಟ್ಟ ಕಪ್ಪು ಗೋಡೆ ಸುತ್ತಲೂ ಒಂದೇ ಸಮ ಇದ್ದರೆ ಸರಿ. ಎಲ್ಲಾದರೂ ಹೊಳೆಯುವ ತೇಪೆ ಕಂಡರೆ ಆ ಕೊಳಲು ಬೇಡ.

ಗಿರಿಶ್ರೇಣಿ (ಚಿಕ್ಕಮಗಳೂರು)

ನಾನು ಹಿಂದೂಸ್ತಾನಿ ಕಲಿಯುತ್ತಿರುವವನು. ಅರಕಲಗೂಡಿನವರು ಷಡ್ಜದ ವ್ಯತ್ಯಾಸ ಹೇಳಿದ್ದು ಅತ್ಯಂತ ಉಪಯುಕ್ತ. ಅದಕ್ಕೆ ಸೇರಿಸುವುದು ಇಷ್ಟೇ: ಯೂಟ್ಯೂಬ್‌ನಲ್ಲಿ ದೊಡ್ಡ ಕಲಾವಿದರ ಕೈಯಲ್ಲಿ ಉದ್ದನೆಯ ಕೊಳಲು ನೋಡಿ ಮಗು ಅದೇ ಬೇಕೆಂದು ಹಟ ಮಾಡಿದರೂ ಕೊಡಿಸಬೇಡಿ. ಆ ಗಾತ್ರದ ಬಾನ್ಸುರಿಯನ್ನು ಶಾಸ್ತ್ರೀಯ ಸಂಗೀತದ ವೇದಿಕೆಗೆ ತಂದವರು ಪನ್ನಾಲಾಲ್ ಘೋಷ್. ಸುಮಾರು 30 ಅಂಗುಲ ಮೀರಿದ ಕೊಳಲಿನಲ್ಲಿ ರಂಧ್ರಗಳ ನಡುವಿನ ಅಂತರ ದೊಡ್ಡವರ ಕೈಗೇ ಕಷ್ಟ. ಹನ್ನೊಂದು ವರ್ಷದ ಬೆರಳು ಅಲ್ಲಿಗೆ ಎಟುಕದು. ಎಟುಕಿಸಲು ಹೋದರೆ ರಂಧ್ರದ ಅಂಚಿನಲ್ಲಿ ಗಾಳಿ ಸೋರಿ ಕೀರಲು ದನಿ ಬರುತ್ತದೆ, ಮಣಿಕಟ್ಟು ನೋಯುತ್ತದೆ.

5 ಶ್ರುತಿಯ ಕರ್ನಾಟಕ ಕೊಳಲು ಒಂದೂಕಾಲು ಅಡಿಯ ಆಸುಪಾಸು. ಮಕ್ಕಳ ಕೈಗೆ ಹೇಳಿ ಮಾಡಿಸಿದ ಅಳತೆ. ನಿಮ್ಮ ಗುರುಗಳು ಸುಮ್ಮನೆ 5 ಎಂದಿಲ್ಲ. ಆದರೂ ತರಿಸುವ ಮೊದಲು ಮಾರುವವರಿಂದ ರಂಧ್ರಗಳ ನಡುವಿನ ಅಳತೆ ಕೇಳಿ, ಕಾಗದವನ್ನು ಸುರುಳಿ ಸುತ್ತಿ ಅದರ ಮೇಲೆ ಗುರುತು ಹಾಕಿ, ಮಗುವಿನ ಬೆರಳು ಇಟ್ಟು ನೋಡಿ. ಕಿರುಬೆರಳು ಏಳನೆಯ ಗುರುತಿಗೆ ನಿರಾಯಾಸವಾಗಿ ಬಿದ್ದರೆ ಸಾಕು.

ಬ್ರ್ಯಾಂಡ್ ಭರವಸೆ ಕೊಡದು ಎಂಬ ಕೊಪ್ಪದವರ ಮಾತನ್ನು ಪೂರ್ತಿ ಒಪ್ಪಲಾರೆ. ಬೆಂಗಳೂರಿನವರಿಗೆ ಆ ಮಾತು ಸರಿ, ಅವರು ಹತ್ತು ಕೊಳಲು ಊದಿ ಒಂದನ್ನು ಆರಿಸಬಹುದು. ನಮ್ಮೂರಿನ ಅಂಗಡಿಯಲ್ಲಿ ಗಿಟಾರ್, ಕೀಬೋರ್ಡ್ ಸಾಲಾಗಿ ಇರುತ್ತವೆ, ಕೊಳಲು ಕೇಳಿದರೆ ಮೂಲೆಯ ಡಬ್ಬದಿಂದ ಆರು ರಂಧ್ರದ ಎರಡು ಕೊಳಲು ತೆಗೆದು ಕೊಡುತ್ತಾರೆ. ಹೆಸರಿರುವ ತಯಾರಕರಿಂದ ತರಿಸಿದರೆ ಕನಿಷ್ಠ ಫೋನ್ ಮಾಡಿ ಮಾತನಾಡಬಹುದು, ಕಳಿಸುವ ಮೊದಲು ಅದೇ ಕೊಳಲನ್ನು ನುಡಿಸಿದ ವಿಡಿಯೊ ಕೇಳಬಹುದು, ಶ್ರುತಿ ಸರಿಯಿಲ್ಲದಿದ್ದರೆ ಬದಲಿಸಿ ಕೊಡಿ ಎಂದು ಹಟ ಹಿಡಿಯಬಹುದು. ಹೆಸರಿಲ್ಲದ ಕೊಳಲನ್ನು ಯಾರಿಗೆ ಹಿಂತಿರುಗಿಸುತ್ತೀರಿ?

ಹೇಮಾವತಿ ದಂಡೆ (ಸಕಲೇಶಪುರ)

ಇದೇ ಚರ್ಚೆಯಲ್ಲಿ ನನ್ನದೂ ಒಂದು ಪ್ರಶ್ನೆ. ತಂಗಿಯ ಮಗ ಬೆಂಗಳೂರಿನ ಶಾಲೆಯೊಂದರಲ್ಲಿ ಪಾಶ್ಚಾತ್ಯ ಫ್ಲೂಟ್ ಕಲಿಯುತ್ತಿದ್ದಾನೆ. ಅಲ್ಲಿಯೂ ಇದೇ ಗೊಂದಲ. ಯಮಹಾ ಎನ್ನುತ್ತಾರೆ, ಜುಪಿಟರ್ ಎನ್ನುತ್ತಾರೆ, ಇನ್ನೊಂದು ಕಡೆ ಅವುಗಳ ಕಾಲುಭಾಗದ ಬೆಲೆಗೆ ನೀಲಿ, ಗುಲಾಬಿ ಬಣ್ಣದವು ಸಿಗುತ್ತವೆ. ಅಲ್ಲಿಯೂ ಬ್ರ್ಯಾಂಡ್ ಮುಖ್ಯವಲ್ಲವೇ?

ಬ್ಯಾಂಡ್‌ಸೆಟ್ (ಹಾಸನ)

ಅಲ್ಲಿ ಬ್ರ್ಯಾಂಡ್ ಬಹಳ ಮುಖ್ಯ. ದಯವಿಟ್ಟು ಬಿದಿರಿನ ನ್ಯಾಯವನ್ನು ಅಲ್ಲಿಗೆ ಹಾಕಬೇಡಿ. ಇಂದಿನ ಪಾಶ್ಚಾತ್ಯ ಫ್ಲೂಟ್ ಜರ್ಮನಿಯ ಥಿಯೊಬಾಲ್ಡ್ ಬೋಮ್ 1847ರಲ್ಲಿ ರೂಪಿಸಿದ ಲೋಹದ ವಾದ್ಯದ ಮುಂದುವರಿಕೆ. ರಂಧ್ರಗಳನ್ನು ಬೆರಳು ನೇರವಾಗಿ ಮುಚ್ಚುವುದಿಲ್ಲ, ಕೀಲಿಗಳು ಮುಚ್ಚುತ್ತವೆ. ಕಂಬಿ, ಸ್ಪ್ರಿಂಗ್, ಪ್ಯಾಡ್ ಎಲ್ಲ ಸೇರಿ ಅದೊಂದು ಯಂತ್ರ. ಯಂತ್ರಕ್ಕೆ ಕಾರ್ಖಾನೆಯ ನಿಖರತೆ ಬೇಕು, ಬಿಡಿಭಾಗ ಬೇಕು, ರಿಪೇರಿ ಮಾಡುವವರು ಬೇಕು.

ವಿದ್ಯಾರ್ಥಿಗಳಿಗೆ ಯಮಹಾದ ವೈಎಫ್ಎಲ್-222 ಎಂಬ ಮಾದರಿ ವ್ಯಾಪಕವಾಗಿ ಬಳಕೆಯಲ್ಲಿದೆ. ನಿಕಲ್ ಸಿಲ್ವರ್ ಮೈ, ಮೇಲೆ ಬೆಳ್ಳಿಯ ಲೇಪ. ನಿಕಲ್ ಸಿಲ್ವರ್ ಎಂದರೆ ತಾಮ್ರ, ನಿಕಲ್, ಸತುವಿನ ಮಿಶ್ರಲೋಹ, ಅದರಲ್ಲಿ ಬೆಳ್ಳಿ ಇರುವುದಿಲ್ಲ. ಜುಪಿಟರ್ ತೈವಾನಿನದು, ಪರ್ಲ್ ಜಪಾನಿನದು, ಗೆಮೈನ್‌ಹಾರ್ಟ್ ಅಮೆರಿಕದ್ದು. ಈ ನಾಲ್ಕರ ವಿದ್ಯಾರ್ಥಿ ಮಾದರಿಗಳಲ್ಲಿ ಯಾವುದನ್ನು ಕೊಂಡರೂ ಹುಡುಗ ಕೆಲವು ವರ್ಷ ನೆಮ್ಮದಿಯಿಂದ ಕಲಿಯಬಹುದು. ಹೊಸದಕ್ಕೆ ಹತ್ತಾರು ಸಾವಿರ ಬೇಕು, ಆದ್ದರಿಂದ ಸುಸ್ಥಿತಿಯ ಹಳೆಯ ಯಮಹಾ ಸಿಕ್ಕರೆ ಬಣ್ಣದ ಹೊಸದಕ್ಕಿಂತ ಸಾವಿರ ಪಾಲು ಮೇಲು. ಬಣ್ಣದ ಅಗ್ಗದವುಗಳಲ್ಲಿ ಕೀಲಿಯ ಲೋಹ ಮೆದು, ಒಮ್ಮೆ ಬಾಗಿದರೆ ಪ್ಯಾಡ್ ಸರಿಯಾಗಿ ಕೂರುವುದಿಲ್ಲ, ರಿಪೇರಿಯವರು ಕೈಹಾಕಲು ಹಿಂಜರಿಯುತ್ತಾರೆ.

ಆರಂಭಕ್ಕೆ ಮುಚ್ಚಿದ ಕೀಲಿಗಳದ್ದೇ ಇರಲಿ, ನಡುವೆ ತೂತಿರುವ ಕೀಲಿಗಳದ್ದು ಈಗ ಬೇಡ. ಎಡಗೈಯ ಉಂಗುರ ಬೆರಳಿನ ಜಿ ಕೀಲಿ ಸಾಲಿನಿಂದ ಸ್ವಲ್ಪ ಹೊರಚಾಚಿ ಇರುವ ಮಾದರಿ ಚಿಕ್ಕ ಕೈಗೆ ಹಿತ. ಹುಡುಗ ತೀರಾ ಚಿಕ್ಕವನಾಗಿದ್ದರೆ ತಲೆಭಾಗ ಬಾಗಿರುವ ಫ್ಲೂಟ್ ಸಿಗುತ್ತದೆ, ತೋಳಿಗೆ ಹತ್ತಿರವಾಗುತ್ತದೆ. ಹಳೆಯದನ್ನು ನೋಡುವಾಗ ಶುಚಿಗೊಳಿಸುವ ಕಡ್ಡಿಯನ್ನು ತಲೆಭಾಗದ ಒಳಗೆ ಬಿಡಿ. ಕಡ್ಡಿಯ ಮೇಲಿನ ಗೆರೆ ಊದುವ ರಂಧ್ರದ ನಟ್ಟನಡುವೆ ಕಾಣಬೇಕು. ಬಿರಡೆಯಿಂದ ಅಲ್ಲಿಗೆ ಸುಮಾರು 17 ಮಿಲಿಮೀಟರ್. ಗೆರೆ ಸರಿದಿದ್ದರೆ ಸ್ಥಾಯಿಗಳು ಒಂದಕ್ಕೊಂದು ಹೊಂದುವುದಿಲ್ಲ. ಅದನ್ನು ಸರಿಪಡಿಸಬಹುದು, ಹೆದರಬೇಕಾಗಿಲ್ಲ. ಪ್ಯಾಡುಗಳು ಹರಿದಿದ್ದರೆ ಮಾತ್ರ ರಿಪೇರಿ ಖರ್ಚನ್ನು ಬೆಲೆಗೆ ಸೇರಿಸಿ ಯೋಚಿಸಿ.

ಸಾಲಗಾಮೆ ರಸ್ತೆ (ಹಾಸನ)

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ವಂದನೆ. ಮಗಳಿಗೂ ಓದಿ ಹೇಳಿದೆ. "ಹಾಗಾದರೆ ಸ್ವರ ಸೇರದಿದ್ದದ್ದು ನನ್ನಿಂದ ಅಲ್ಲ" ಎಂದಳು, ಅವಳ ಮುಖದಲ್ಲಿ ಬಹಳ ದಿನಗಳ ಮೇಲೆ ಹುರುಪು ಕಂಡಿತು. ಮುಂದಿನ ವಾರ ಕೆಲಸದ ಮೇಲೆ ಮೈಸೂರಿಗೆ ಹೋಗುತ್ತಿದ್ದೇನೆ, ಅವಳನ್ನೂ ಕರೆದೊಯ್ಯುತ್ತೇನೆ. ಅಲ್ಲಿ ಕರ್ನಾಟಕ ಕೊಳಲು ಇಡುವ ಅಂಗಡಿ ಇದೆಯೆಂದು ಗುರುಗಳು ಫೋನಿನಲ್ಲಿ ಹೇಳಿದರು. ನನಗೆ ಸಂಗೀತ ಜ್ಞಾನ ಇಲ್ಲ. ಅಂಗಡಿಯಲ್ಲಿ ನಿಂತು ಯಾವ ಕೊಳಲು ಶ್ರುತಿಯಲ್ಲಿದೆ ಎಂದು ಪರೀಕ್ಷಿಸುವುದು ಹೇಗೆ? ಮೊಬೈಲಿನಲ್ಲಿ ಟ್ಯೂನರ್ ಆ್ಯಪ್ ಹಾಕಿಕೊಂಡರೆ ಸಾಕೇ?

ಶ್ರುತಿಪೆಟ್ಟಿಗೆ (ಅರಕಲಗೂಡು)

ಆ್ಯಪ್ ಇರಲಿ, ಆದರೆ ಅದು ಹೇಳಿದ್ದೆಲ್ಲ ಕೊನೆಯ ಮಾತಲ್ಲ. ಊದುವುದು ಮಗಳೇ ಆಗಿರಲಿ, ಅಂಗಡಿಯವರು ಬೇಡ. ನುರಿತವರು ತುಟಿಯ ಕೋನ ಬದಲಿಸಿ ಕೆಟ್ಟ ಕೊಳಲನ್ನೂ ಶ್ರುತಿಗೆ ತಂದು ತೋರಿಸಬಲ್ಲರು. ಮೊದಲ ಕೆಲವು ನಿಮಿಷ ಸುಮ್ಮನೆ ಊದಲಿ, ಕೊಳಲು ಉಸಿರಿಗೆ ಬೆಚ್ಚಗಾಗಬೇಕು. ಗಾಳಿಯ ಉಷ್ಣತೆ ಹತ್ತು ಡಿಗ್ರಿ ಏರಿದರೆ ಶ್ರುತಿ ಸುಮಾರು 30 ಸೆಂಟ್ ಮೇಲೇರುತ್ತದೆ. ಒಂದು ಅರ್ಧಸ್ವರಕ್ಕೆ 100 ಸೆಂಟ್ ಎಂದರೆ ಇದು ಎಷ್ಟು ದೊಡ್ಡದೆಂದು ತಿಳಿಯಿತಲ್ಲ. ಕೊಳಲಿನ ಒಳಗಿನ ಗಾಳಿಯನ್ನು ಉಸಿರು ಬೆಚ್ಚಗಿಡುವುದರಿಂದ ಅಷ್ಟೂ ವ್ಯತ್ಯಾಸ ಕೇಳಿಸುವುದಿಲ್ಲ, ಆದರೂ ತಣ್ಣಗಿನ ಕೊಳಲನ್ನು ಅಳೆಯಬೇಡಿ.

ಆಮೇಲೆ ಮೊಬೈಲಿನಲ್ಲಿ ಜಿ ಶ್ರುತಿಯ ತಂಬೂರಿ ಹಾಕಿ, ದೀರ್ಘವಾಗಿ ಸ ಹಿಡಿಯಲಿ. ತಂಬೂರಿಯೊಳಗೆ ಕೊಳಲು ಕರಗಿ ಬೇರೆಯಾಗಿ ಕೇಳಿಸದಂತಾದರೆ ಸ ಸರಿ ಇದೆ. ಸಂಗೀತ ಗೊತ್ತಿಲ್ಲದ ಕಿವಿಗೂ ಇದು ತಿಳಿಯುತ್ತದೆ, ಸೇರದಿದ್ದಾಗ ದನಿಯಲ್ಲಿ ಅಲೆಅಲೆಯಾಗಿ ಒಂದು ನಡುಕ ಕೇಳಿಸುತ್ತದೆ. ನಂತರ ಪ, ಆಮೇಲೆ ಮೇಲಿನ ಸ. ಕೆಳಗಿನ ಸ ಮತ್ತು ಮೇಲಿನ ಸ ಎರಡೂ ಒಂದೇ ಬೆರಳಿನಲ್ಲಿ, ಉಸಿರಿನ ಒತ್ತಡದಿಂದ ಮಾತ್ರ ಬದಲಾಗುತ್ತವೆ. ಕೆಳಗಿನದು ಸರಿ ಇದ್ದು ಮೇಲಿನದು ಇಳಿದೋ ಏರಿಯೋ ಇದ್ದರೆ ಕೊಳವೆಯ ಅಗಲದಲ್ಲಿ ಅಥವಾ ಬಿರಡೆ ಕೂರಿಸಿದ ಜಾಗದಲ್ಲಿ ದೋಷ. ಆ ಕೊಳಲನ್ನು ಕೆಳಗಿಡಿ, ಎಷ್ಟೇ ಚಂದದ ನೂಲು ಸುತ್ತಿರಲಿ.

ಟ್ಯೂನರ್ ವಿಷಯದಲ್ಲಿ ಇದನ್ನು ನೆನಪಿಡಿ. ಆ್ಯಪ್‌ಗಳು ಕೀಬೋರ್ಡಿನ ಸಮಾನ ಅಂತರದ ಲೆಕ್ಕದಲ್ಲಿ ಸ್ವರ ಅಳೆಯುತ್ತವೆ. ತಂಬೂರಿಗೆ ಸೇರುವ 'ಅಂತರ ಗಾಂಧಾರ', ಅಂದರೆ ಹರಿಕಾಂಭೋಜಿಯ ಗ ಸ್ವರ, ಆ ಲೆಕ್ಕಕ್ಕಿಂತ ಸುಮಾರು 14 ಸೆಂಟ್ ಕೆಳಗಿರುತ್ತದೆ. ಆ್ಯಪ್ ಅದನ್ನು ಕಡಿಮೆ ಎಂದು ತೋರಿಸಿದರೆ ಕೊಳಲಿನ ತಪ್ಪಲ್ಲ, ಒಳ್ಳೆಯ ತಯಾರಕರು ಹಾಗೆಯೇ ಮಾಡುತ್ತಾರೆ. ಸ ಮತ್ತು ಪ ಮಾತ್ರ ಹತ್ತಿರ ಹತ್ತಿರ ಇರಬೇಕು. ಉಳಿದದ್ದನ್ನು ಬೆರಳು ಮತ್ತು ಉಸಿರು ತಿದ್ದುತ್ತವೆ. ಕೊಳಲಿನ ವಿದ್ಯೆಯೇ ಅದು. ಕೊಳಲು ವಿದ್ವಾಂಸ ಟಿ. ಆರ್. ಮಹಾಲಿಂಗಂ ಬೆರಳುಗಾರಿಕೆಯನ್ನೂ ಊದುವ ಕ್ರಮವನ್ನೂ ಬದಲಿಸಿ, ಸ್ವರವನ್ನು ತೂಗಿ ಜಾರಿಸುವ ಗಾಯನದ ಗಮಕಗಳೆಲ್ಲ ಕೊಳಲಿನಲ್ಲಿ ಬರುವಂತೆ ಮಾಡಿದರು. ಅವರ ದಾರಿಯಲ್ಲಿ ನಡೆದವರ ಕೈಯಲ್ಲಿ ಇದೇ ಎಂಟು ರಂಧ್ರದ ಬಿದಿರು ಏನೆಲ್ಲ ನುಡಿಯಿತು ಎಂದು ಮಗಳಿಗೆ ಕೇಳಿಸಿ.

ಒಂದು ಸಂಗತಿ ಹೇಳದೆ ಇರಲಾರೆ. ನಮ್ಮ ತಾಲ್ಲೂಕಿನ ರುದ್ರಪಟ್ಟಣ ಸಂಗೀತಗಾರರ ಊರು. ಗಾಯಕ ಆರ್. ಕೆ. ಶ್ರೀಕಂಠನ್ ಅಲ್ಲಿಯವರು, ಇಂದಿನ ಹೆಸರಾಂತ ಕೊಳಲು ವಾದಕ ಶಶಾಂಕ್ ಸುಬ್ರಹ್ಮಣ್ಯಂ ಹುಟ್ಟಿದ್ದೂ ಅಲ್ಲಿಯೇ. ಕಾವೇರಿಯ ದಂಡೆಯಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಮಂದಿರವೂ ಇದೆ. ಒಂದು ಭಾನುವಾರ ಮಗಳನ್ನು ಕರೆದುಕೊಂಡು ಬನ್ನಿ. ಹಾಸನ ಜಿಲ್ಲೆಯ ಮಗುವಿಗೆ ಕೊಳಲು ಪರವೂರಿನ ವಿದ್ಯೆ ಎಂದು ಅನ್ನಿಸಬಾರದು.

ಗಿರಿಶ್ರೇಣಿ (ಚಿಕ್ಕಮಗಳೂರು)

ಅದೇ ದಾರಿಯಲ್ಲಿ ನಮ್ಮ ಜಿಲ್ಲೆಗೂ ಬನ್ನಿ. ಬೆಳವಾಡಿಯ ವೀರನಾರಾಯಣ ದೇವಾಲಯ ಹಳೇಬೀಡಿನಿಂದ ದೂರವಿಲ್ಲ. ಮೂರು ಗರ್ಭಗುಡಿಗಳಲ್ಲಿ ಒಂದರಲ್ಲಿ ವೇಣುಗೋಪಾಲ. ಕೊಳಲಿನ ಮೇಲೆ ಬೆರಳುಗಳು ಕೂತಿರುವ ರೀತಿಯನ್ನು ನೋಡಲೆಂದೇ ನಾನು ಅಲ್ಲಿಗೆ ಹೋಗುತ್ತೇನೆ.

ಅಂಗಡಿಯ ಪರೀಕ್ಷೆಗೆ ಒಂದು ಸೇರ್ಪಡೆ. ಒಂದೇ ಶ್ರುತಿಯ ಕನಿಷ್ಠ ಮೂರು ಕೊಳಲು ಕೇಳಿ ತೆಗೆಸಿ. ಒಂದನ್ನೇ ಊದಿದರೆ ಮಗುವಿಗೆ ಅದು ಚೆನ್ನಾಗಿಯೇ ಇದೆ ಎನ್ನಿಸುತ್ತದೆ. ಮೂರನ್ನು ಬದಲಿಸಿ ಬದಲಿಸಿ ಊದಿದಾಗ, ಯಾವುದರಲ್ಲಿ ಕಡಿಮೆ ಉಸಿರಿಗೆ ತುಂಬು ನಾದ ಬರುತ್ತದೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಮಕ್ಕಳಿಗೆ ಉಸಿರು ಕಡಿಮೆ, ಆದ್ದರಿಂದ ಇದೇ ದೊಡ್ಡ ಅಳತೆಗೋಲು.

ಸಾಲಗಾಮೆ ರಸ್ತೆ (ಹಾಸನ)

ಕೊಳಲು ಬಂತು! ಅಂಗಡಿಯಲ್ಲಿ 5 ಶ್ರುತಿಯ ಎಂಟು ರಂಧ್ರದವು ನಾಲ್ಕು ಇದ್ದವು. ಎರಡಕ್ಕೆ ತಯಾರಕರ ಹೆಸರು ಕೆತ್ತಿತ್ತು, ಎರಡಕ್ಕೆ ಇರಲಿಲ್ಲ. ಹೆಸರಿದ್ದ ಒಂದರಲ್ಲಿ ಮೇಲಿನ ಸ ಇಳಿದು ಬರುತ್ತಿತ್ತು, ನನಗೇ ಕೇಳಿಸಿತು. ಹೆಸರಿಲ್ಲದ ಒಂದರ ನಾಲ್ಕನೆಯ ರಂಧ್ರದಲ್ಲಿ ಕೊಪ್ಪದವರು ಹೇಳಿದಂಥದ್ದೇ ಹೊಳೆಯುವ ತೇಪೆ. ಉಳಿದ ಎರಡರಲ್ಲಿ ಮಗಳು ಹೆಸರಿಲ್ಲದ್ದನ್ನು ಆರಿಸಿದಳು, ಅದರಲ್ಲಿ ಉಸಿರು ಸಾಲುತ್ತದೆ ಎಂದಳು. ಸಂಜೆ ಗುರುಗಳಿಗೆ ಫೋನಿನಲ್ಲಿ ಕೇಳಿಸಿದಳು, ಅವರು ಒಪ್ಪಿದರು. ಬೆಲೆ ನಾನು ಅಂದುಕೊಂಡಿದ್ದಕ್ಕಿಂತ ಕಡಿಮೆಯೇ ಆಯಿತು. ಉಳಿದ ಹಣದಲ್ಲಿ ಶಾಲೆಗೆ ಒಯ್ಯಲು ಒಂದು ಪಿವಿಸಿ ಕೊಳಲು ಹೆಸರಿರುವ ತಯಾರಕರಿಂದ ತರಿಸುತ್ತಿದ್ದೇನೆ. ಎರಡು ರಂಧ್ರ ಮುಚ್ಚಿದಾಗ ಜಿ ಎಂದು ಖಚಿತಪಡಿಸಿಕೊಂಡೇ ಹಣ ಕಳಿಸಿದೆ.

ಈಗ ಕಾಪಾಡುವುದು ಹೇಗೆ? ಎಣ್ಣೆ ಹಚ್ಚಬೇಕು ಎನ್ನುತ್ತಾರೆ. ಮನೆಯಲ್ಲಿ ಕೊಬ್ಬರಿ ಎಣ್ಣೆ ಇದೆ, ಆದೀತೇ?

ವಾಟೆಬಿದಿರು (ಕೊಪ್ಪ)

ಕೊಬ್ಬರಿ ಎಣ್ಣೆ ಬೇಡ. ಅದು 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ನಮ್ಮ ಕಡೆಯ ಡಿಸೆಂಬರ್ ಚಳಿಗೆ ಕೊಳವೆಯ ಒಳಗೆ ಬಿಳಿಯ ಪದರವಾಗಿ ಕೂತು ಧೂಳು ಹಿಡಿಯುತ್ತದೆ. ಸಾಸಿವೆ ಎಣ್ಣೆ ಅಥವಾ ಬಾದಾಮಿ ಎಣ್ಣೆ ತೆಗೆದುಕೊಳ್ಳಿ. ತೆಳು ಬಟ್ಟೆಯನ್ನು ಕಡ್ಡಿಗೆ ಸುತ್ತಿ, ಎರಡು ಹನಿ ಹಾಕಿ, ಒಳಗೆ ಸವರಿ. ಬಿರಡೆಗೆ ತಾಗಿಸಬೇಡಿ. ಊದುವ ರಂಧ್ರದ ಅಂಚಿನಲ್ಲಿ ಎಣ್ಣೆ ನಿಲ್ಲದಂತೆ ಒರೆಸಿ, ಒಂದು ರಾತ್ರಿ ನೆರಳಿನಲ್ಲಿ ಮಲಗಿಸಿಡಿ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಸಾಕು, ಮಳೆಗಾಲದಲ್ಲಿ ಬೇಕಾಗಿಲ್ಲ.

ದಿನವೂ ಊದಿದ ಮೇಲೆ ಒಣಬಟ್ಟೆಯಿಂದ ಒಳಗೆ ಒರೆಸಿಯೇ ಚೀಲಕ್ಕೆ ಹಾಕಬೇಕು, ಬೂಷ್ಟಿಗೆ ಅದೊಂದೇ ಮದ್ದು. ಪ್ಲಾಸ್ಟಿಕ್ ಚೀಲ ಬೇಡ, ಹತ್ತಿಯ ಚೀಲ ಹೊಲಿಸಿ. ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ತುದಿಗಳಲ್ಲಿ ನೂಲು ಸುತ್ತಿಲ್ಲದಿದ್ದರೆ ಈಗಲೇ ಗಟ್ಟಿ ದಾರ ಬಿಗಿಯಾಗಿ ಸುತ್ತಿಸಿ. ಸಣ್ಣ ಬಿರುಕು ಕಂಡರೆ ಊದುವುದು ನಿಲ್ಲಿಸಿ, ಬಿರುಕಿನ ಎರಡೂ ಪಕ್ಕ ದಾರ ಸುತ್ತಿಸಿ, ಗುರುಗಳಿಗೆ ತೋರಿಸಿ. ರಂಧ್ರಗಳ ಸಾಲಿಗೆ ಬಿರುಕು ತಲುಪದಿದ್ದರೆ ಕೊಳಲು ಉಳಿಯುತ್ತದೆ.